ಇಬ್ರಾಹಿಂ ಎಂಬ ಹೆಸರಿನ ದಖ್ಖನ್ ಅರಸರು: ಒಂದು ವಿವೇಚನೆ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ ಕಡಕೊಳವೆಂಬ ಊರಿದೆ. ಕಲಬುರಗಿ ಸೀಮೆಯಲ್ಲಿಯೂ ಒಂದು ಕಡಕೊಳವಿದೆ. ತತ್ತ್ವಪದಕಾರ ಮಡಿವಾಳಪ್ಪನವರ ಹೆಸರಿನೊಡನೆ ಕೂಡಿ ಬರುವುದು ಈ ಎರಡನೆಯದು. ಹೆಸರನ್ನಷ್ಟೇ ನಂಬಿ ಮಡಿವಾಳಪ್ಪನವರ ನೆಲೆಯನ್ನು ನಂಜನಗೂಡಿನ ದಾರಿಯಲ್ಲಿ ಅರಸಹೊರಟವನಿಗೆ ಆಗುವುದು ಒಂದು ಪಯಣದ ನಷ್ಟ ಮಾತ್ರ. ಅರಸರ ವಿಷಯದಲ್ಲಿ ಇದೇ ತಪ್ಪು ನಡೆದರೆ ಒಂದು ಶತಮಾನದ ಅರ್ಥವೇ ಕೆಡುತ್ತದೆ. ವಿಜಾಪುರದ ಇಬ್ರಾಹಿಮರು ಇದಕ್ಕೆ ತಕ್ಕ ನಿದರ್ಶನ.

ಆದಿಲ್‌ಶಾಹಿ ವಂಶದಲ್ಲಿ ಈ ಹೆಸರಿನ ಇಬ್ಬರು ಆಳಿದರು. ಮೊದಲನೆಯವನು ಇಸ್ಮಾಯಿಲನ ಮಗ. ಅವನ ಆಳ್ವಿಕೆ 1534ರಿಂದ 1558ರ ವರೆಗೆ. ಎರಡನೆಯವನು ಆತನ ಮೊಮ್ಮಗ, ತಹಮಾಸ್ಪನ ಮಗ. 1580ರಲ್ಲಿ ಬಾಲಕನಾಗಿ ಪಟ್ಟಕ್ಕೆ ಬಂದು 1627ರ ವರೆಗೆ ಆಳಿದನು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ನಮ್ಮ ಮನೆಗಳಲ್ಲಿಯೂ ಇರುವ ವಾಡಿಕೆಯೇ ಆದುದರಿಂದ ಇದರಲ್ಲಿ ಸೋಜಿಗವಿಲ್ಲ. ಆದರೆ ಅಜ್ಜನ ಕಾರ್ಯವನ್ನು ಮೊಮ್ಮಗನಿಗೂ ಮೊಮ್ಮಗನ ಕೀರ್ತಿಯನ್ನು ಅಜ್ಜನಿಗೂ ಸಲ್ಲಿಸುವುದು ತರವಲ್ಲ.

ಸುನ್ನಿ ಪಂಥವನ್ನು ರಾಜ್ಯದಲ್ಲಿ ನೆಲೆಗೊಳಿಸಿ, ಪರದೇಶದಿಂದ ಬಂದ ಅನೇಕ ಸೈನಿಕರನ್ನು ಕೆಲಸದಿಂದ ಬಿಡಿಸಿ, ದಖ್ಖನಿಗಳಿಗೆ ಆಶ್ರಯವಿತ್ತವನು ಒಂದನೆಯ ಇಬ್ರಾಹಿಮನು. ಲೆಕ್ಕಪತ್ರಗಳಲ್ಲಿ ಪಾರಸಿಯನ್ನು ಬಿಡಿಸಿ ‘ಹಿಂದವಿ’ಯನ್ನು ತಂದವನೂ ಅವನೇ ಎಂದು ಫಿರಿಷ್ತನು ಬರೆದಿದ್ದಾನೆ. ಸಂಗೀತಪ್ರಿಯನಾಗಿ ‘ಕಿತಾಬ್-ಎ-ನವರಸ್’ ಎಂಬ ಗೀತಸಂಗ್ರಹವನ್ನು ದಖ್ಖನಿಯಲ್ಲಿ ರಚಿಸಿ, ಅದರಲ್ಲಿ ಸರಸ್ವತಿಯನ್ನು ಸ್ತುತಿಸಿ, ‘ಜಗದ್ಗುರು’ ಎನಿಸಿಕೊಂಡವನು ಎರಡನೆಯವನು. ವಿಜಾಪುರದ ಇಬ್ರಾಹಿಂ ರೋಜಾದಲ್ಲಿ ಮಲಗಿರುವವನು ಈ ಮೊಮ್ಮಗನು. ಅಜ್ಜನ ಸಮಾಧಿ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿದೆ.

ಇವರಿಬ್ಬರನ್ನು ಬೆರೆಸಿದರೆ ದೇಶಭಾಷೆಯ ಆದರ, ಸಂಗೀತ, ಸರಸ್ವತೀಸ್ತುತಿ ಎಲ್ಲವೂ ಒಬ್ಬನೇ ಉದಾರಿಯಾದ ದೊರೆಯ ಗುಣಗಳಾಗಿ ತೋರುತ್ತವೆ. ಈ ಚಿತ್ರ ಮನೋಹರವಾದುದು. ಆದರೆ ಇಂತಹ ದೊರೆ ಇರಲಿಲ್ಲ. ಇಬ್ಬರ ನಡುವೆ ಇಪ್ಪತ್ತೆರಡು ವರ್ಷ ಆಳಿದ ಒಂದನೆಯ ಅಲಿ ಆದಿಲ್‌ಶಾಹನು ಈ ಚಿತ್ರದಲ್ಲಿ ಕಾಣುವುದೇ ಇಲ್ಲ. ತಂದೆಯ ಮಾರ್ಗವನ್ನು ಬಿಟ್ಟು ಶಿಯಾ ಪಂಥವನ್ನು ಮರಳಿ ತಂದವನು ಅವನು. ವಿಜಾಪುರದ ನೀತಿ ನೇರವಾಗಿ ಬೆಳೆದುದಲ್ಲ, ತಿರುಗಿ ತಿರುಗಿ ನಡೆದುದು ಎಂಬ ಮುಖ್ಯವಾದ ಸಂಗತಿ ಹೀಗೆ ಒಂದು ಹೆಸರಿನಡಿಯಲ್ಲಿ ಅಡಗಿಹೋಗುತ್ತದೆ.

ಆಕರಗಳಲ್ಲಿಯೂ ಈ ತೊಡಕು ಇದೆ. ಅಜ್ಜನ ವಿಷಯವನ್ನು ನಮಗೆ ತಿಳಿಸುವ ಫಿರಿಷ್ತನು ಬರೆದುದು ಮೊಮ್ಮಗನ ಆಶ್ರಯದಲ್ಲಿ. ಅವನ ಚರಿತ್ರೆಗಿರುವ ‘ಗುಲ್ಶನ್-ಎ-ಇಬ್ರಾಹಿಮಿ’ ಎಂಬ ಹೆಸರು ಸೂಚಿಸುವುದು ಆಶ್ರಯದಾತನನ್ನು. ಅವನು ಹೇಳುವ ‘ಹಿಂದವಿ’ ಎಂಬ ಮಾತಿನ ಅರ್ಥವೂ ಚರ್ಚಾಸ್ಪದ. ಅದನ್ನು ದಖ್ಖನಿಯೆಂದೂ ಮರಾಠಿಯೆಂದೂ ತಿಳಿದವರುಂಟು. ಅಭಿಮಾನದಿಂದ ಅಲ್ಲಿ ಕನ್ನಡವನ್ನು ಕಾಣಲು ಆತುರಪಡುವುದು ಸಲ್ಲದು.

ನೆರೆಯ ರಾಜ್ಯಗಳನ್ನು ನೋಡಿದರೆ ತೊಡಕು ಇನ್ನೂ ಹೆಚ್ಚುತ್ತದೆ. ವಿಜಯನಗರವನ್ನು ಕೆಡಹಿದ 1565ರ ಯುದ್ಧದ ಕಥನದಲ್ಲಿ ಇಬ್ರಾಹಿಮನ ಹೆಸರು ಬಂದೊಡನೆ ವಿದ್ಯಾರ್ಥಿಯು ವಿಜಾಪುರವನ್ನು ನೆನೆಯುವ ಸಂಭವವಿದೆ. ಆಗ ವಿಜಾಪುರದಲ್ಲಿ ಆಳುತ್ತಿದ್ದವನು ಅಲಿ. ಅಲ್ಲಿಯ ಇಬ್ರಾಹಿಮನು ಗೋಲ್ಕೊಂಡದ ಕುತುಬ್‌ಶಾಹ; ಹಿಂದೆ ವಿಜಯನಗರದಲ್ಲಿ ರಾಮರಾಯನ ಆಶ್ರಯದಲ್ಲಿ ಕೆಲವು ವರ್ಷ ಬಾಳಿ, ತೆಲುಗು ಕವಿಗಳಿಂದ ‘ಮಲ್ಕಿಭರಾಮ’ನೆಂದು ಹೊಗಳಿಸಿಕೊಂಡವನು. ಆಶ್ರಯ ಪಡೆದವನೇ ಎದುರಾಳಿಯಾದ ಈ ದಾರುಣ ಸಂಗತಿಯನ್ನು ಹೆಸರಿನ ಗೊಂದಲ ಮರೆಮಾಡುತ್ತದೆ. ಆ ಯುದ್ಧವನ್ನು ಕೇವಲ ಮತಗಳ ಕಲಹವೆಂದು ಬಗೆಯುವವರು ಇದನ್ನು ಅವಶ್ಯವಾಗಿ ಮನಗಾಣಬೇಕು.

ಇದಕ್ಕೆ ಪರಿಹಾರವು ನಮ್ಮ ನುಡಿಯಲ್ಲಿಯೇ ಇದೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜರ ಕಾರ್ಯವನ್ನು ನಾಲ್ವಡಿಯವರಿಗೆ ಆರೋಪಿಸುವವರು ವಿರಳ; ಕನ್ನಂಬಾಡಿಯ ಕಟ್ಟೆ ಯಾರ ಕಾಲದ್ದೆಂದು ಸಾಮಾನ್ಯರೂ ಬಲ್ಲರು. ಸಂಖ್ಯೆಯು ಹೆಸರಿನ ಅಂಗವೇ ಆಗಿರುವುದು ಇದಕ್ಕೆ ಕಾರಣ. ವಿಜಾಪುರದ ಅರಸರಿಗೂ ಇದೇ ಕ್ರಮವನ್ನು ತಪ್ಪದೆ ಅನುಸರಿಸಿ, ಮೊಮ್ಮಗನನ್ನು ‘ಇಮ್ಮಡಿ ಇಬ್ರಾಹಿಂ’ ಎಂದೇ ಕರೆಯತಕ್ಕದ್ದು. ಮೊದಲ ಉಲ್ಲೇಖದಲ್ಲಿ ತಂದೆಯ ಹೆಸರನ್ನೂ ಆಳ್ವಿಕೆಯ ವರ್ಷಗಳನ್ನೂ ಕೊಡುವುದು ಒಳ್ಳೆಯದು. ಇದು ಬರಿಯ ಅಚ್ಚುಕಟ್ಟಿನ ಮಾತಲ್ಲ. ಹೊಗಳುವುದಾಗಲಿ ತೆಗಳುವುದಾಗಲಿ, ಯಾರನ್ನು ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳುವುದು ಚರಿತ್ರಕಾರನ ಕರ್ತವ್ಯವೆಂದು ನಾವು ಭಾವಿಸುತ್ತೇವೆ.