ಬೇಗೂರಿನ ಕಲ್ಲು, ಬೆಂಗಳೂರಿನ ಕಣ್ಣು

ನವೆಂಬರ್ ಬಂತು ಅಂದ್ರೆ ಎರಡು ಬಗೆಯ ಪೋಸ್ಟ್‌ಗಳು ಶುರುವಾಗುತ್ತವೆ. ಮೊದಲನೆಯದು, ಬೇಟೆಗೆ ಬಂದು ದಾರಿ ತಪ್ಪಿದ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಅನ್ನೋದು. ಎರಡನೆಯದು, ಅದೆಲ್ಲ ಸುಳ್ಳು, ಬೇಗೂರು ಶಾಸನ ಓದಿ ಸ್ವಾಮಿ ಅನ್ನೋದು.

ಎರಡನೆಯವರ ಲೆಕ್ಕ ಸರಿಯಾಗಿದೆ. ಇಮ್ಮಡಿ ಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ನಾಗೇಶ್ವರ ದೇವಸ್ಥಾನದ ಕಲ್ಲು ಸುಮಾರು ಕ್ರಿ.ಶ. 890ರದ್ದು, ಗಂಗರ ಕಾಲದ್ದು. ಬಲ್ಲಾಳನಿಗಿಂತ ಹೆಚ್ಚುಕಮ್ಮಿ ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು ಅಂದಮೇಲೆ ಅಜ್ಜಿಯ ಕಾಳು ಬೇಯುವುದಿಲ್ಲ. ಅಷ್ಟರಮಟ್ಟಿಗೆ ನನ್ನದೂ ಒಪ್ಪಿಗೆ.

ನನ್ನ ತಕರಾರು ಇರೋದು ಓದುವ ರೀತಿಯ ಬಗ್ಗೆ. ಇಡೀ ಶಾಸನದಲ್ಲಿ ನಾವು ಹುಡುಕೋದು ಒಂದೇ ಪದ. ಅದು ಸಿಕ್ಕ ಕೂಡಲೇ ಫೋಟೋ ತೆಗೆದು, ನಮ್ಮ ನಗರದ ಜನನ ಪ್ರಮಾಣಪತ್ರ ಅಂತ ಹಾಕಿಬಿಡುತ್ತೇವೆ. ಆದರೆ ಆ ಕಲ್ಲು ಹೇಳುವುದು ಸಾವಿನ ಸುದ್ದಿ: ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುತ್ತಣಸೆಟ್ಟಿ ಸತ್ತ. ಬೆಂಗಳೂರು ಅಲ್ಲಿ ಬರೀ ಜಗಳ ನಡೆದ ಜಾಗ.

ಹಾಗಾದರೆ ದೊಡ್ಡ ಊರು ಯಾವುದು? ಬೇಗೂರಿನದೇ ಇನ್ನೊಂದು ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಕತ್ತಿ ಹಿಡಿದವರು, ಬಿದ್ದವರು ಎಲ್ಲ ಒಂದೇ ಚಪ್ಪಡಿಯ ಮೇಲೆ ಕಿಕ್ಕಿರಿದಿದ್ದಾರೆ. ಎರೆಯಪ್ಪ ಕಳಿಸಿದ ನಾಗತ್ತರ ತುಂಬೆಪಾಡಿಯಲ್ಲಿ ವೀರಮಹೇಂದ್ರನ ವಿರುದ್ಧ ಹೋರಾಡಿ ಸತ್ತದ್ದು, ಎರೆಯಪ್ಪ ಇರುಗನಿಗೆ ನಾಗತ್ತರ ಪಟ್ಟ ಕಟ್ಟಿ ‘ಬೆಂಪೂರು ಹನ್ನೆರಡು’ ಕೊಟ್ಟದ್ದು ಅದರಲ್ಲಿದೆ. ಬೆಂಪೂರು ಅಂದರೆ ಇವತ್ತಿನ ಬೇಗೂರು. ಸುತ್ತಲ ಹನ್ನೆರಡು ಹಳ್ಳಿಗಳ ಗುಂಪಿಗೇ ಅದರ ಹೆಸರು. ಈಗಿನ ಭಾಷೆಯಲ್ಲಿ ಹೇಳೋದಾದರೆ ಬೇಗೂರು ಹೋಬಳಿ ಕೇಂದ್ರ, ಬೆಂಗಳೂರು ಅಕ್ಕಪಕ್ಕದ ಎಲ್ಲೋ ಒಂದು ಊರು. ಕೆಂಪೇಗೌಡರು ಕೋಟೆ ಕಟ್ಟಿದ್ದು 1537ರಲ್ಲಿ, ಅಂದರೆ ಈ ಕಲ್ಲುಗಳಿಗೆ ಆರುನೂರು ವರ್ಷ ದಾಟಿದ ಮೇಲೆ.

ಇನ್ನೊಂದು ವಿಷಯ ನೋಡಿ. ಬೆಂಗಳೂರು ಅನ್ನೋ ಹೆಸರು ಸಾವಿರ ವರ್ಷ ದಾಟಿಯೂ ಹೆಚ್ಚುಕಮ್ಮಿ ಹಾಗೇ ಉಳಿದಿದೆ. ಅದಕ್ಕೆ ಬೆಂದ ಕಾಳು, ಬೆಣಚುಕಲ್ಲು, ಬೇಂಗೆ ಮರ ಅಂತ ಎಷ್ಟು ಅರ್ಥ ಹುಡುಕಿದ್ದೇವೆ! ಬೆಂಪೂರು ಸವೆದು ಬೇಗೂರಾಯಿತು. ಅದು ಹೇಗೆ ಅಂತ ಕೇಳುವವರೇ ಅಪರೂಪ. ಊರು ದೊಡ್ಡದಾದರೆ ಹೆಸರಿಗೂ ಕಥೆ ಹುಟ್ಟುತ್ತೆ, ಇಲ್ಲದಿದ್ದರೆ ಅದು ಬಸ್ ಬೋರ್ಡಿನ ಹೆಸರಷ್ಟೇ.

ಹಾಗಾಗಿ ಅಜ್ಜಿ ಕಥೆ ಹೇಳುವವರಿಗಿಂತ ಶಾಸನ ತೋರಿಸುವವರು ಹೆಚ್ಚು ವಿವೇಕಿಗಳು ಅಂತ ನನಗೇನೂ ಅನ್ನಿಸಲ್ಲ. ಇಬ್ಬರಿಗೂ ಬೇಕಿರೋದು ಬೆಂಗಳೂರಿನ ಹೆಮ್ಮೆಯೇ. ಕಥೆಯಲ್ಲಾದರೂ ಕಾಳು ಕೊಟ್ಟ ಅಜ್ಜಿ ಉಳಿದಿದ್ದಾಳೆ. ನಮ್ಮ ಪೋಸ್ಟ್‌ಗಳಲ್ಲಿ ಬುತ್ತಣಸೆಟ್ಟಿಯ ಹೆಸರೇ ಇರಲ್ಲ, ಯಾರ ನೆನಪಿಗೆ ಆ ಕಲ್ಲು ನಿಲ್ಲಿಸಿದ್ದರೋ ಅವನದ್ದೇ.

ಅಪಾರ್ಟ್‌ಮೆಂಟ್ ಜಾಹೀರಾತುಗಳಲ್ಲಿ ಈಗ ಬೇಗೂರಿಗೆ ಇರೋ ಗುರುತು ‘ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರ’ ಅನ್ನೋದು. ಆ ಕಡೆ ಮನೆ ಮಾಡಿದವರು ಒಂದು ಭಾನುವಾರ ದೇವಸ್ಥಾನಕ್ಕೆ ಹೋಗಿ ಬನ್ನಿ. ಬೆಂಗಳೂರನ್ನು ಹುಡುಕೋಕಲ್ಲ, ಬೇಗೂರನ್ನು ನೋಡೋಕೆ.