ಗಿಲಾವು ಕಾಣದ ಒಂದು ಮೊಳ ಗೋಡೆ

ಮನೆ ಕಟ್ಟಿಸಿದವನಿಗೆ ಹಳೆಯ ಯಹೂದಿ ಧರ್ಮಶಾಸ್ತ್ರ ಒಂದು ವಿಚಿತ್ರ ಅಪ್ಪಣೆ ಕೊಡುತ್ತದೆ. ಗೋಡೆಗಳಿಗೆಲ್ಲ ಗಿಲಾವು ಮಾಡಿಸು, ಸುಣ್ಣ ಬಳಿಸು, ಬೇಡವೆನ್ನುವವರಿಲ್ಲ. ಆದರೆ ಬಾಗಿಲಿನ ಎದುರಿಗೆ ಒಂದು ಮೊಳ ಉದ್ದ, ಒಂದು ಮೊಳ ಅಗಲದಷ್ಟು ಜಾಗವನ್ನು ಹಾಗೇ ಬಿಡು. ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳಬೇಕಾದದ್ದು ಆ ಒರಟು ಚೌಕ. ಜೆರುಸಲೇಮ್ ಹಾಳಾಗಿ ಬಿದ್ದಿರುವಾಗ ಯಾರ ಮನೆಯೂ ಪೂರ್ತಿಯಾಗಿ ಮುಗಿಯಬಾರದು.

ಇದರ ಹಿಂದೆ ತಾಲ್ಮುದ್ ಎಂಬ ಯಹೂದಿ ಧರ್ಮಗ್ರಂಥ ಹೇಳುವ ಕಥೆಯೊಂದಿದೆ. ಕ್ರಿ.ಶ. 70ರಲ್ಲಿ ಟೈಟಸ್‌ನ ರೋಮನ್ ಪಡೆ ಜೆರುಸಲೇಮಿನ ಎರಡನೆಯ ದೇವಾಲಯವನ್ನು ಸುಟ್ಟು ಕೆಡವಿದ ಮೇಲೆ ಎಷ್ಟೋ ಮಂದಿ ವೈರಾಗ್ಯ ತಾಳಿ ಮಾಂಸವನ್ನೂ ದ್ರಾಕ್ಷಾರಸವನ್ನೂ ಬಿಟ್ಟರಂತೆ. ಧರ್ಮಗುರು ರಬ್ಬಿ ಯೆಹೋಶುವ ಹೋಗಿ ಯಾಕೆಂದು ವಿಚಾರಿಸಿದ. ಬಲಿಪೀಠವೇ ಇಲ್ಲವಾದ ಮೇಲೆ ಅಲ್ಲಿ ಅರ್ಪಿಸುತ್ತಿದ್ದುದನ್ನು ನಾವು ಬಾಯಿಗಿಡುವುದು ಹೇಗೆ ಎಂದರು. ಹಾಗಾದರೆ ರೊಟ್ಟಿಯೂ ಬೇಡ, ಧಾನ್ಯದ ನೈವೇದ್ಯವೂ ನಿಂತಿದೆಯಲ್ಲ ಎಂದ ರಬ್ಬಿ. ಹಣ್ಣು ತಿಂದುಕೊಂಡಿರುತ್ತೇವೆ ಎಂದರು. ಮೊದಲ ಫಲ ಒಪ್ಪಿಸುವುದೂ ನಿಂತಿದೆ ಎಂದ. ಬೇರೆ ಹಣ್ಣು ತಿಂದರಾಯಿತು ಎಂದಾಗ ನೀರಿನ ಮಾತು ತೆಗೆದ. ದೇವಾಲಯದಲ್ಲಿ ನೀರು ಎರೆಯುವ ವಿಧಿಯೂ ಇತ್ತು, ಅದೂ ಹೋಗಿತ್ತು. ಅಲ್ಲಿಗೆ ಅವರ ಬಾಯಿ ಕಟ್ಟಿತು. ದುಃಖಪಡದೇ ಇರುವುದು ಆಗದ ಮಾತು, ಅಳತೆ ಮೀರಿ ದುಃಖಪಡುವುದೂ ಆಗದ ಮಾತು ಎಂದು ತಿಳಿಹೇಳಿದ ಮೇಲೆ ಬಂದದ್ದು ಈ ಗೋಡೆಯ ತೀರ್ಪು. ಅದರ ಜೊತೆಗೇ ಇನ್ನೆರಡು: ಔತಣದ ಅಡುಗೆಯಲ್ಲಿ ಏನಾದರೊಂದು ಕಡಿಮೆಯಿರಲಿ, ಹೆಂಗಸರ ಒಡವೆಯಲ್ಲೂ ಒಂದು ಕಡಿಮೆಯಿರಲಿ.

ಜೆರುಸಲೇಮಿನ ಮೇಲೆ ಯಹೂದಿಗಳಿಗಿರುವ ಪ್ರೀತಿಯ ಬಗ್ಗೆ ಬರೆಯುವವರೆಲ್ಲ ಅದರ ತೀವ್ರತೆಯನ್ನು ಕೊಂಡಾಡುತ್ತಾರೆ. ಎರಡು ಸಾವಿರ ವರ್ಷ ಮರೆಯಲಿಲ್ಲ, ನೋಡಿ ಎನ್ನುತ್ತಾರೆ. ನಿಜ. ಆದರೆ ತೀವ್ರವಾದ ಭಕ್ತಿಗೆ ಲೋಕದಲ್ಲಿ ಎಲ್ಲೂ ಬರವಿಲ್ಲ. ನನಗೆ ಈ ಪರಂಪರೆಯಲ್ಲಿ ದೊಡ್ಡದಾಗಿ ಕಾಣುವುದು ಅದಕ್ಕೆ ಸಿಕ್ಕಿದ ಅಳತೆ. ಕಳೆದುಕೊಂಡ ಊರನ್ನು ಒಂದು ಮೊಳಕ್ಕೆ ಇಳಿಸಿ ದಿನದ ಬದುಕಿನೊಳಗೆ ಕೂರಿಸಿದ್ದು ಸಣ್ಣ ಕೆಲಸವಲ್ಲ. ಆ ಅಳತೆ ತಪ್ಪಿದಾಗೆಲ್ಲ ಈ ಪರಂಪರೆಯ ಕಾವ್ಯವೂ ಸೊರಗಿದೆ, ರಾಜಕಾರಣವೂ ಕೆಟ್ಟಿದೆ.

ನೆನಪಿಡುವ ವಿಧಾನಗಳು ಬೇಕಾದಷ್ಟಿವೆ. ಮದುವೆಯಲ್ಲಿ ಗಂಡು ಕಾಲಿನಿಂದ ತುಳಿದು ಒಡೆಯುವ ಗಾಜಿನ ಲೋಟಕ್ಕೆ ಜನ ಕೊಡುವ ಅರ್ಥ ದೇವಾಲಯದ ನಾಶ. ಕ್ರಿ.ಪೂ. 586ರಲ್ಲಿ ನೆಬೂಕದ್ನೆಚ್ಚರ ಕೆಡವಿದ ಮೊದಲ ದೇವಾಲಯಕ್ಕೂ ರೋಮನ್ನರು ಕೆಡವಿದ ಎರಡನೆಯದಕ್ಕೂ ಸೇರಿಸಿ ಯಹೂದಿ ಪಂಚಾಂಗದ ಆವ್ ತಿಂಗಳ ಒಂಬತ್ತನೆಯ ದಿನ ಉಪವಾಸ. ಅವತ್ತು ತೊಗಲಿನ ಚಪ್ಪಲಿ ಮೆಟ್ಟುವಂತಿಲ್ಲ, ಮಬ್ಬು ಬೆಳಕಿನಲ್ಲಿ ನೆಲದ ಮೇಲೆ ಕೂತು ಬೈಬಲಿನ ‘ಪ್ರಲಾಪಗಳು’ ಓದುತ್ತಾರೆ. ಪಸ್ಕ ಹಬ್ಬದ ಊಟ ಮುಗಿಯುವುದು ಬರುವ ವರ್ಷ ಜೆರುಸಲೇಮಿನಲ್ಲಿ ಸೇರೋಣ ಎಂಬ ಹಾರೈಕೆಯಿಂದ. ತಮಾಷೆಯೆಂದರೆ ಜೆರುಸಲೇಮಿನಲ್ಲೇ ಇರುವವರೂ ಹಾಗೇ ಹಾರೈಸುತ್ತಾರೆ. ಊರ ಹೆಸರಿನ ಹಿಂದೆ ‘ಮತ್ತೆ ಕಟ್ಟಿದ’ ಎಂಬ ಮಾತೊಂದನ್ನು ಸೇರಿಸಿಕೊಳ್ಳುತ್ತಾರೆ, ಅಷ್ಟೇ. ಅಂದರೆ ಆ ಊರು ಅಲ್ಲಿ ಮನೆ ಮಾಡಿದವರಿಗೂ ಪೂರ್ತಿ ಸಿಕ್ಕಿದ್ದಲ್ಲ.

ಪ್ರಾರ್ಥನೆಗೆ ನಿಂತಾಗ ಮುಖ ಜೆರುಸಲೇಮಿನ ಕಡೆಗಿರಬೇಕು. ಯುರೋಪಿನವರಿಗೆ ಅದು ಪೂರ್ವ, ಯೆಮೆನ್‌ನವರಿಗೆ ಉತ್ತರ, ಕೊಚ್ಚಿಯವರಿಗೆ ಪಶ್ಚಿಮ. ಅಲ್ಲಿನ ಮಟ್ಟಂಚೇರಿಯ ಪರದೇಶಿ ಸಿನಗಾಗ್, ಯಹೂದಿಗಳ ಪ್ರಾರ್ಥನಾಮಂದಿರ, 1568ರದು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದವರು ಕೈಯಲ್ಲಿ ಚಿತ್ರ ಬರೆದ ಚೀನಾದ ನೀಲಿ ಹಂಚುಗಳನ್ನು ನೋಡುತ್ತಾ ನೆಲದಲ್ಲೇ ಮೈಮರೆಯುತ್ತಾರೆ. ನಾನೂ ಹಾಗೆ ಮೈಮರೆತು, ಆಮೇಲೆ ತಲೆಯೆತ್ತಿ ಧರ್ಮಗ್ರಂಥ ತೋರಾದ ಸುರುಳಿಗಳ ಪೆಟ್ಟಿಗೆ ಇರುವ ಗೋಡೆ ನೋಡಿದೆ. ಅದಿರುವುದು ಪಡುವಣಕ್ಕೆ. ಹೊರಗೆ ಅದೇ ದಿಕ್ಕಿಗೆ ಅರಬ್ಬೀ ಸಮುದ್ರ. ಯಹೂದಿಗಳ ಪ್ರಾರ್ಥನೆಯಲ್ಲಿ ಮಳೆಯ ಮಾತು ಬರುವುದು ಜೆರುಸಲೇಮಿನ ಆಕಾಶ ನೋಡಿಕೊಂಡು: ಅಲ್ಲಿ ಶರತ್ಕಾಲದಿಂದ ಪಸ್ಕದವರೆಗೆ ಮಳೆಗಾಲ. ಹಾಗಾಗಿ ಜೂನ್‌ನಲ್ಲಿ ಕೊಚ್ಚಿಯ ಹೆಂಚಿನ ಮೇಲೆ ಮಳೆ ಧೋ ಎಂದು ಸುರಿಯುತ್ತಿದ್ದಾಗ ಒಳಗೆ ನಿಂತವರ ಬಾಯಲ್ಲಿ ಮಳೆಯಿರುತ್ತಿರಲಿಲ್ಲ. ಎಲ್ಲೋ ಇರುವ ಊರಿನ ಹವಾಮಾನವನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಇಲ್ಲಿನ ಕೆಸರಿನಲ್ಲಿ ನಡೆದು ಮನೆಗೆ ಹೋಗುವುದು! ಇದಕ್ಕಿಂತ ಗಟ್ಟಿಯಾದ ರೂಪಕ ಯಾವ ಕವಿಗೂ ಹೊಳೆದಂತಿಲ್ಲ.

ಆದರೂ ಕವಿಗಳ ಬಳಿಗೇ ಹೋಗಬೇಕು, ಯಾಕೆಂದರೆ ಈ ಅಳತೆಯನ್ನು ಒಪ್ಪದೆ ಜಗಳ ತೆಗೆದವನು ಒಬ್ಬ ಕವಿ. ಯೆಹೂದಾ ಹಲೇವಿ ಹುಟ್ಟಿದ್ದು 1075ರ ಸುಮಾರಿಗೆ, ಸ್ಪೇನಿನಲ್ಲಿ. ವೃತ್ತಿಯಿಂದ ವೈದ್ಯ. ಪ್ರೇಮಪದ್ಯ, ಪಾನಗೋಷ್ಠಿಯ ಪದ್ಯ, ಮದುವೆಯ ಪದ್ಯ ಎಲ್ಲ ಬರೆದು ಹೆಸರು ಮಾಡಿದವನು. ವಯಸ್ಸಾದ ಮೇಲೆ ಅವನಿಗೆ ಚೀಯೋನಿನ, ಅಂದರೆ ಜೆರುಸಲೇಮಿನ, ಹಂಬಲ ಹಿಡಿಯಿತು. ಅವನು ಬರೆದ ‘ಕುಜಾರಿ’ ಎಂಬ ಗದ್ಯಕೃತಿ ಖಜರ್ ದೇಶದ ರಾಜನಿಗೂ ಒಬ್ಬ ಯಹೂದಿ ಪಂಡಿತನಿಗೂ ನಡೆಯುವ ಸಂವಾದ. ಅದರಲ್ಲಿ ರಾಜ ಒಂದು ಕಡೆ ಪಂಡಿತನನ್ನು ಸಿಕ್ಕಿಸಿಹಾಕುತ್ತಾನೆ: ಆ ನೆಲ ಅಷ್ಟು ಪವಿತ್ರವೆಂದು ದಿನಕ್ಕೆ ಮೂರು ಹೊತ್ತು ಹೇಳುತ್ತೀರಿ, ಮತ್ತೆ ಹೋಗುವುದಿಲ್ಲವೇಕೆ? ಪಂಡಿತ ತಲೆ ತಗ್ಗಿಸಿ, ನಮ್ಮ ಪ್ರಾರ್ಥನೆ ಅರ್ಥವಿಲ್ಲದ ಹಕ್ಕಿಯ ಉಲಿಯಂತಾಗಿದೆ ಎಂದು ಒಪ್ಪಿಕೊಳ್ಳುತ್ತಾನೆ. ನಾವಾದರೆ ಗಿಣಿಪಾಠ ಎನ್ನುತ್ತೇವೆ. ಪುಸ್ತಕದ ಕೊನೆಗೆ ಪಂಡಿತ ಗಂಟುಮೂಟೆ ಕಟ್ಟುತ್ತಾನೆ. ಬರೆದವನೂ ಕಟ್ಟಿದ. 1140ರಲ್ಲಿ ಅಲೆಕ್ಸಾಂಡ್ರಿಯಾ ತಲುಪಿ, ಈಜಿಪ್ಟಿನ ಗೆಳೆಯರ ಆತಿಥ್ಯದಲ್ಲಿ ತಿಂಗಳುಗಟ್ಟಲೆ ಉಳಿದು, 1141ರ ಮೇ ತಿಂಗಳಲ್ಲಿ ಹಡಗು ಹತ್ತಿದ. ಆ ಬೇಸಗೆಯಲ್ಲೇ ತೀರಿಕೊಂಡ. ಜೆರುಸಲೇಮಿನ ಹೆಬ್ಬಾಗಿಲಲ್ಲಿ ತನ್ನ ಪದ್ಯ ಹಾಡುತ್ತಾ ಮಣ್ಣಿಗೆ ಮುತ್ತಿಡುವಾಗ ಅರಬ್ ಕುದುರೆಸವಾರನೊಬ್ಬ ತುಳಿದು ಕೊಂದನೆಂಬ ಕಥೆ ನಾಲ್ಕು ಶತಮಾನದ ಆಮೇಲೆ ಅಚ್ಚಾಯಿತು. ಆಗ ಊರು ಕ್ರೂಸೇಡಿನ ಕ್ರೈಸ್ತರ ಕೈಲಿತ್ತು ಎಂಬುದನ್ನು ಕಥೆ ಕಟ್ಟಿದವರು ಮರೆತಿದ್ದರು.

ಅವನ ಚೀಯೋನ್ ಗೀತೆಗಳಲ್ಲಿ ಅತ್ಯಂತ ಹೆಸರಾದದ್ದು ಊರನ್ನೇ ಎದುರಿಗೆ ಕೂರಿಸಿಕೊಂಡು ಮಾತಾಡಿಸುವ ದೀರ್ಘ ಗೀತೆ. ಆವ್ ಒಂಬತ್ತರ ಶೋಕಗೀತೆಗಳಲ್ಲಿ ಅದು ಸೇರಿಹೋಗಿದೆ. ಇಷ್ಟು ಯಹೂದಿ ಎನಿಸುವ ಈ ಹಾಡಿನ ಒಡಲು ಎಲ್ಲಿಯದು? ನಲ್ಲೆ ಬಿಟ್ಟುಹೋದ ಬಿಡಾರದ ಕುರುಹುಗಳ ಮುಂದೆ ನಿಂತು ಅಳುವುದು ಕಸೀದಾ ಎಂಬ ಅರಬ್ಬೀ ಕಾವ್ಯಪ್ರಕಾರದ ಹಳೆಯ ಪದ್ಧತಿ. ಅರಬ್ಬೀ ಛಂದಸ್ಸನ್ನು ಹೀಬ್ರೂಗೆ ತಂದು ಹತ್ತನೆಯ ಶತಮಾನದಲ್ಲೇ ದೂನಶ್ ಬೆನ್ ಲಬ್ರಾತ್ ದಾರಿ ಮಾಡಿಕೊಟ್ಟಿದ್ದ. ಹಲೇವಿ ಆ ಮರಳುಗಾಡಿನ ಪಾಳುಬಿಡಾರದ ಜಾಗದಲ್ಲಿ ಜೆರುಸಲೇಮನ್ನು ಇಟ್ಟ. ‘ಕುಜಾರಿ’ಯನ್ನು ಬರೆದದ್ದೂ ಅರಬ್ಬೀ ಭಾಷೆಯಲ್ಲಿ, ಹೀಬ್ರೂ ಲಿಪಿ ಬಳಸಿ. ಇದನ್ನು ಕೊರತೆಯೆಂದು ಹೇಳುತ್ತಿಲ್ಲ. ಇವತ್ತು ಈ ಊರಿನ ಹೆಸರಲ್ಲಿ ಎರಡು ಭಾಷೆಗಳ ನಡುವೆ ಗೋಡೆ ಎಬ್ಬಿಸುವವರು ತಾವು ಹಾಡುವ ಹಾಡಿನ ತಾಯಿಬೇರನ್ನೇ ಕಡಿಯುತ್ತಿದ್ದಾರೆ ಎನ್ನುತ್ತಿದ್ದೇನೆ.

ಇಲ್ಲಿ ನಮ್ಮ ಕರಾವಳಿ ಹಾದುಹೋಗುತ್ತದೆ. ಹಲೇವಿ ಸ್ವಂತ ಕೈಯಲ್ಲಿ ಬರೆದ ಕಾಗದಗಳು ಸಿಕ್ಕಿದ್ದು ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಗೆನೀಜಾದಲ್ಲಿ. ಹಳೆಯ ಬರಹವನ್ನು ಸುಡದೆ ಹರಿಯದೆ ಕೂಡಿಡುತ್ತಿದ್ದ ಕೋಣೆ ಅದು. ಆ ಕಾಗದಗಳು ಹೋಗಿದ್ದು ಅವನ ಗೆಳೆಯ ಹಲ್ಫೋನ್ ಬೆನ್ ನೆತನೇಲ್‌ಗೆ, ಸ್ಪೇನ್, ಈಜಿಪ್ಟ್, ಏಡನ್, ಭಾರತ ಎಂದು ಓಡಾಡುತ್ತಿದ್ದ ವ್ಯಾಪಾರಿಗೆ. ಅದೇ ಕೋಣೆಯಲ್ಲಿ ನಮ್ಮ ಮಂಗಳೂರಿನ ಕಾಗದಗಳೂ ಇದ್ದವು. ಟ್ಯುನೀಸಿಯಾದ ಮಹ್ದಿಯಾದಿಂದ ಬಂದ ಅಬ್ರಹಾಂ ಬೆನ್ ಯಿಜು 1132ರಲ್ಲಿ ಮಂಗಳೂರಿನಲ್ಲಿ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಅಲ್ಲಿತ್ತು. ಅಡಿಕೆ, ಮೆಣಸು, ಕಬ್ಬಿಣ ಕಳಿಸಿ, ಕಂಚಿನ ಪಾತ್ರೆ ಮಾಡಿಸಿ, 1149ರವರೆಗೆ ಅವನು ಈ ಕರಾವಳಿಯಲ್ಲೇ ಸಂಸಾರ ಹೂಡಿಕೊಂಡಿದ್ದ. ಅಮಿತಾವ್ ಘೋಷ್ 1992ರಲ್ಲಿ ಅವನ ಮತ್ತು ಅವನ ಆಳು ಬೊಮ್ಮನ ಜಾಡು ಹಿಡಿದು ಪುಸ್ತಕ ಬರೆದ ಮೇಲೆ ಈ ಹೆಸರುಗಳು ನಮಗೂ ಪರಿಚಿತ. ಬೆನ್ ಯಿಜು ಕೂಡ ಹೀಬ್ರೂ ಪದ್ಯ ಕಟ್ಟಬಲ್ಲವನು, ಓದುಬರಹದವನು. ಒಬ್ಬ ಎಲ್ಲ ಬಿಟ್ಟು ಹಡಗು ಹತ್ತಿದ. ಇನ್ನೊಬ್ಬ ಅಡಿಕೆಯ ಲೆಕ್ಕ ಬರೆಯುತ್ತಾ ಮಂಗಳೂರಿನಲ್ಲಿ ಉಳಿದ. ಸಾಹಿತ್ಯ ಚರಿತ್ರೆ ನೆನಪಿಡುವುದು ಮೊದಲನೆಯವನನ್ನು. ಆದರೆ ನೂರಕ್ಕೆ ತೊಂಬತ್ತೊಂಬತ್ತು ಯಹೂದಿಗಳು ಬಾಳಿದ್ದು ಎರಡನೆಯವನ ಹಾಗೆ, ಮತ್ತು ಆ ಬಾಳಿನಲ್ಲಿ ಊರಿನ ನೆನಪು ಕಡಿಮೆಯಿತ್ತೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಹಲೇವಿಯ ಹಿಂದೆ ಹೊರಟ ಕವಿಗಳ ದಂಡು ದೊಡ್ಡದು. ಅದೇ ಸಂಬೋಧನೆ, ಅದೇ ಪ್ರಾಸ, ಅದೇ ಕಣ್ಣೀರು. ಇವುಗಳಲ್ಲಿ ಬಹುಪಾಲು ಅಚ್ಚಿಗೆ ಸುರಿದ ಬೆಲ್ಲದಂತಿವೆ. ಸಿಹಿಯಿದೆ, ಒಂದಕ್ಕೊಂದು ಬೇರೆ ರುಚಿಯಿಲ್ಲ. ನನ್ನ ಮಟ್ಟಿಗೆ ಒಂದೇ ಅಪವಾದ, ರೋಥೆನ್‌ಬರ್ಗಿನ ರಬ್ಬಿ ಮೇಯಿರ್‌ನದು. 1242ರಲ್ಲಿ ಪ್ಯಾರಿಸಿನಲ್ಲಿ ಗಾಡಿಗಟ್ಟಲೆ ತಾಲ್ಮುದ್ ಹಸ್ತಪ್ರತಿಗಳನ್ನು ಸುಟ್ಟಾಗ ಅವನು ಹಲೇವಿಯ ಧಾಟಿಯಲ್ಲೇ ಶೋಕಗೀತೆ ಕಟ್ಟಿದ. ಆದರೆ ಮಾತಾಡಿಸಿದ್ದು ಊರನ್ನಲ್ಲ, ಬೆಂದುಹೋದ ಪುಸ್ತಕವನ್ನು. ಕಣ್ಣೆದುರಿನ ಬೂದಿಯನ್ನೇ ಪಾಳುಬಿದ್ದ ನಗರವೆಂದು ಕಂಡವನ ಕೈಯಲ್ಲಿ ಹಳೆಯ ಅಚ್ಚು ಮತ್ತೆ ಬಿಸಿಯಾಯಿತು.

ಇನ್ನು ಊರು ತಲುಪಿದವರ ಕಥೆ. 1267ರಲ್ಲಿ ಸ್ಪೇನಿನ ಮಹಾಪಂಡಿತ ನಹ್ಮಾನಿದೆಸ್ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಜೆರುಸಲೇಮಿಗೆ ಬಂದ. ಮಗನಿಗೆ ಬರೆದ ಕಾಗದದಲ್ಲಿ ತಾನಲ್ಲಿ ಕಂಡ ಯಹೂದಿಗಳ ಲೆಕ್ಕ ಕೊಟ್ಟಿದ್ದಾನೆ: ಇಬ್ಬರು. ಅಣ್ಣತಮ್ಮ, ಬಟ್ಟೆಗೆ ಬಣ್ಣ ಹಾಕುವವರು. ಅಧಿಕಾರಿಯಿಂದ ಬಣ್ಣದ ಗುತ್ತಿಗೆ ಹಿಡಿದಿದ್ದರು. ಅಷ್ಟೆಲ್ಲ ಗೀತೆಗಳ ಆ ತುದಿಯಲ್ಲಿ ಇದ್ದದ್ದು ಬಣ್ಣ ಹಿಡಿದ ಆ ನಾಲ್ಕು ಕೈಗಳು. ನಹ್ಮಾನಿದೆಸ್ ಕೈಕಟ್ಟಿ ಕೂರಲಿಲ್ಲ. ಪಾಳುಮನೆಯೊಂದನ್ನು ರಿಪೇರಿ ಮಾಡಿಸಿ ಸಿನಗಾಗ್ ಮಾಡಿಕೊಂಡ. ನೂರು ಚೀಯೋನ್ ಗೀತೆಗಳಿಗಿಂತ ಆ ಒಂದು ಕಾಗದ ನನಗೆ ಹೆಚ್ಚು.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ದೂರವೇ ಕರಗಿಹೋಯಿತು. 1948ರ ಯುದ್ಧದಲ್ಲಿ ಹಳೆಯ ನಗರ ಜೋರ್ಡಾನಿನ ವಶವಾಗಿ ಹತ್ತೊಂಬತ್ತು ವರ್ಷ ಯಹೂದಿಗಳಿಗೆ ಹಳೆಯ ದೇವಾಲಯದ ಆವರಣದಲ್ಲಿ ಉಳಿದ ಪಶ್ಚಿಮ ಗೋಡೆ ಮುಟ್ಟಲು ಸಿಗಲಿಲ್ಲ. 1966ರಲ್ಲಿ ನೊಬೆಲ್ ಸ್ವೀಕರಿಸುತ್ತಾ ಕಥೆಗಾರ ಆಗ್ನಾನ್, ಟೈಟಸ್ ಮಾಡಿದ ಅನಾಹುತದಿಂದಾಗಿ ತಾನು ಬೇರೆಲ್ಲೋ ಹುಟ್ಟಬೇಕಾಯಿತು, ಎಣಿಸಿಕೊಂಡದ್ದು ಮಾತ್ರ ಜೆರುಸಲೇಮಿನಲ್ಲಿ ಹುಟ್ಟಿದವನೆಂದೇ ಎಂಬರ್ಥದ ಮಾತಾಡಿದ. ನಗುತ್ತಾ ಹೇಳಿದ ಹಾಗಿದೆ, ಆದರೆ ನಗುವಿನೊಳಗೆ ಪರಂಪರೆಯೆಲ್ಲ ಇದೆ. ಮರುವರ್ಷ ಮೇ 15ಕ್ಕೆ ನವೋಮಿ ಶೆಮೆರ್ ಬರೆದ ‘ಬಂಗಾರದ ಜೆರುಸಲೇಮ್’ ಹಾಡು ಮೊದಲ ಸಲ ವೇದಿಕೆಯೇರಿತು. ಮೂರು ವಾರಕ್ಕೆ ಯುದ್ಧ, ಜೂನ್ 7ಕ್ಕೆ ಹಳೆಯ ನಗರ ಇಸ್ರೇಲಿನ ಕೈಗೆ. ಗೋಡೆಯ ಮುಂದೆ ಸೈನಿಕರು ಹಾಡಿದ್ದು ಈ ಹಾಡನ್ನು. ಶೆಮೆರ್ ಗೆಲುವಿನ ಚರಣವೊಂದನ್ನು ಆಮೇಲೆ ಸೇರಿಸಿದಳು.

ಮಧುರವಾದ ಹಾಡು, ಅನುಮಾನವಿಲ್ಲ. ಆದರೆ ಆ ಹಾಡಿನ ಪೇಟೆ ಬಿಕೋ ಎನ್ನುತ್ತದೆ. ಇದಕ್ಕೆ ತಕರಾರು ತೆಗೆದವನು ಹೊರಗಿನವನಲ್ಲ, ಜೆರುಸಲೇಮಿನಲ್ಲೇ ಹುಟ್ಟಿದ ಕಾದಂಬರಿಕಾರ ಅಮೋಸ್ ಓಜ್. ಅಲ್ಲಿ ಜನ ಕಿಕ್ಕಿರಿದಿದ್ದರಲ್ಲ, ಅರಬರು ಮನುಷ್ಯರಲ್ಲವೇ ಎಂಬುದು ಅವನ ತಕರಾರಿನ ತಿರುಳು. ಯಹೂದಿಗಳಿಲ್ಲದ ಪೇಟೆ ತನ್ನ ಪಾಲಿಗೆ ಖಾಲಿಯೇ ಎಂಬ ಧಾಟಿಯಲ್ಲಿ ಶೆಮೆರ್ ಉತ್ತರಿಸಿದಳು. ಹಂಬಲಿಸುವವನ ಕಣ್ಣಿಗೆ ಊರು ಖಾಲಿಯಾಗಿ ಕಾಣುವುದು ಹಲೇವಿಯ ಕಾಲದಿಂದಲೂ ಇದ್ದ ರೋಗ. ದೂರದಲ್ಲಿದ್ದಾಗ ಅದರಿಂದ ಯಾರಿಗೂ ಗಾಯವಾಗಲಿಲ್ಲ. ಜೂನ್ 10ರ ರಾತ್ರಿ ಗಾಯವಾಯಿತು. ಗೋಡೆಯ ಮುಂದಿದ್ದ ಮುಗ್ರಬಿ ಕೇರಿ, ಸಲಾದೀನನ ಮಗ ಹನ್ನೆರಡನೆಯ ಶತಮಾನದ ಕೊನೆಗೆ ಉತ್ತರ ಆಫ್ರಿಕಾದಿಂದ ಬಂದ ಮುಸ್ಲಿಮರಿಗೆಂದು ದತ್ತಿ ಬಿಟ್ಟಿದ್ದ ಕೇರಿ, ಬುಲ್ಡೋಜರಿಗೆ ಸಿಕ್ಕಿತು. ನೂರಾರು ಜನರ ಮನೆಗಳಿದ್ದ ಕಡೆ ಇವತ್ತು ಪ್ರಾರ್ಥನೆಯ ವಿಶಾಲ ಬಯಲಿದೆ. ಅದೇ ವರ್ಷ ಲೆಬನಾನಿನ ಗಾಯಕಿ ಫೈರೂಜ್ ಅರಬ್ಬೀಯಲ್ಲಿ ಇದೇ ಊರನ್ನು ಕಳೆದುಕೊಂಡ ಹಾಡು ಹಾಡಿದಳು. ಕಳೆದುಕೊಂಡವರ ಹಾಡು ಒಂದು ಬಾಯಿಯಿಂದ ಇನ್ನೊಂದು ಬಾಯಿಗೆ ದಾಟಿತ್ತು.

ಈ ಪರಂಪರೆಯನ್ನು ಬಂಗಾರದಿಂದ ಬಿಡಿಸಿ ಮತ್ತೆ ಮೊಳಕ್ಕೆ ತಂದವನು ಯೆಹೂದಾ ಅಮಿಖಾಯ್. 1924ರಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ವಲಸೆ ಬಂದು, 2000ದಲ್ಲಿ ತೀರಿಕೊಳ್ಳುವವರೆಗೆ ಜೆರುಸಲೇಮಿನ ಕವಿಯಾಗಿ ಬಾಳಿದವನು. ಅವನ ಜೆರುಸಲೇಮಿನಲ್ಲಿ ಒಗೆದ ಬಟ್ಟೆ ಒಣಗುತ್ತದೆ, ಅದೂ ಗಡಿಯ ಆಚೆಯವರದು. ಪ್ರವಾಸಿಗಳ ಕುರಿತ ಅವನದೊಂದು ಪದ್ಯದಲ್ಲಿ ದಾವೀದನ ಗೋಪುರದ ಬಳಿ ಸಂತೆಯ ಬುಟ್ಟಿ ಇಳಿಸಿ ಕೂತವನನ್ನು ಗೈಡ್ ಒಬ್ಬ ರೋಮನ್ ಕಮಾನು ಎಲ್ಲಿದೆಯೆಂದು ತೋರಿಸಲು ಗುರುತಾಗಿ ಬಳಸಿಕೊಳ್ಳುತ್ತಾನೆ. ಕವಿ ಬಯಸುವುದು ಇದರ ತಿರುವುಮುರುವು: ಕಮಾನನ್ನು ಗುರುತಾಗಿಟ್ಟುಕೊಂಡು, ಮನೆಗೆ ತರಕಾರಿ ಕೊಂಡು ಹೋಗುವ ಮನುಷ್ಯನನ್ನು ನೋಡಿ ಎನ್ನಬೇಕು. ಊರಿನ ಮೇಲಿನ ಭಾರ ಇಷ್ಟು ಹಗುರಾಗಿ, ಇಷ್ಟು ಗಂಭೀರವಾಗಿ ಇನ್ನಾರ ಕೈಯಲ್ಲೂ ಇಳಿದಿಲ್ಲ. ಅವನಿಗೂ ಒಂದು ಮಿತಿಯಿದೆ. ಆ ಒಣಗುವ ಬಟ್ಟೆಯ ಒಡತಿ ಅವನ ಪದ್ಯದೊಳಗೆ ಬಾಯಿ ಬಿಟ್ಟು ಮಾತಾಡುವುದಿಲ್ಲ.

ಕೊಚ್ಚಿಗೆ ಮರಳುತ್ತೇನೆ. ಅಲ್ಲಿನ ಯಹೂದಿಗಳಲ್ಲಿ ಹೆಚ್ಚಿನವರು 1950ರ ದಶಕದಲ್ಲಿ ಇಸ್ರೇಲಿಗೆ ಹೋದರು. ಹೆಂಗಸರು ಮಲಯಾಳದ ಹಾಡುಗಳನ್ನು ಬರೆದಿಟ್ಟ ನೋಟ್‌ಬುಕ್ಕುಗಳೂ ಜೊತೆಗೆ ಹೋದವು. ಹಿನ್ನೀರಿನ ಪಕ್ಕ ಬೆಳೆದವರಲ್ಲಿ ಹಲವರಿಗೆ ಸಿಕ್ಕಿದ್ದು ನೆಗೆವ್ ಮರಳುಗಾಡಿನ ನೆವಾತಿಮ್. ಕಡೆಗೆ ಸಿನಗಾಗ್ ಕೂಡ ಹೋಯಿತು: ಮಟ್ಟಂಚೇರಿಯ ಕಡವುಂಭಾಗಂ ಸಿನಗಾಗ್‌ನ ಒಳಗಿನ ಮರಗೆಲಸವನ್ನು ಬಿಚ್ಚಿ ಸಾಗಿಸಿ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿನಲ್ಲಿ ಜೋಡಿಸಿದ್ದಾರೆ. ಸುರುಳಿ ಇಡುವ ಪೆಟ್ಟಿಗೆ ಪರವೂರಿನ ಸಿನಗಾಗಿನದು. ಚಾವಣಿಯ ತುಂಬ ನಮ್ಮ ಕಡೆಯ ಬಡಗಿಗಳು ಕೆತ್ತಿದ ಕಮಲಗಳು. ಶತಮಾನಗಳ ಕಾಲ ಜೆರುಸಲೇಮಿನ ದಿಕ್ಕು ತೋರಿಸುತ್ತಿದ್ದ ಆ ಮರ ಈಗ ಜೆರುಸಲೇಮಿನೊಳಗೇ ಇದೆ. ಟಿಕೆಟ್ ಕೊಂಡವರು ಅದರಡಿ ನಿಂತು ಕತ್ತೆತ್ತಿ ನೋಡುತ್ತಾರೆ, ಇದು ಎಲ್ಲಿಂದ ಬಂತು ಎಂದು ಫಲಕ ಓದುತ್ತಾರೆ.