ಅತಿಥಿಯಾದ ಪಿಟೀಲು

ಇಂಗ್ಲಿಷಿನಲ್ಲಿ ವಯೊಲಿನ್ ಮತ್ತು ಫಿಡ್ಲ್ ಎಂಬ ಎರಡು ಹೆಸರುಗಳಿವೆ. ವಾದ್ಯ ಮಾತ್ರ ಒಂದೇ. ಅದೇ ನಾಲ್ಕು ತಂತಿ, ಅದೇ ಕಮಾನು. ಕೋಟು ತೊಟ್ಟು ಸಭಾಂಗಣದಲ್ಲಿ ನುಡಿಸಿದರೆ ವಯೊಲಿನ್, ಅಡುಗೆಮನೆಯ ಒಲೆಯ ಪಕ್ಕ ಕುಳಿತು ಕುಣಿಯುವವರಿಗಾಗಿ ನುಡಿಸಿದರೆ ಫಿಡ್ಲ್. ಈ ಮೇಲುಕೀಳು ನಮ್ಮ ಭಾಷೆಗೂ ಬಂದಿದೆ. ಫಿಡ್ಲ್ ಕನ್ನಡದಲ್ಲಿ ಪಿಟೀಲಾಯಿತು. ಚೌಡಯ್ಯನವರ ಕಾಲದಲ್ಲಿ ಅದು ಬಿರುದಿನಂತೆ ಹೆಸರಿನ ಹಿಂದೆ ನಿಲ್ಲುತ್ತಿತ್ತು. ಈಗ ಆಹ್ವಾನ ಪತ್ರಿಕೆಯಲ್ಲಿ ವಯೊಲಿನ್ ಎಂದು ಅಚ್ಚಾಗುತ್ತದೆ. ಪಿಟೀಲು ಹೆಚ್ಚಾಗಿ ಕೇಳಿಬರುವುದು 'ಪಿಟೀಲು ಕುಯ್ಯಬೇಡ' ಎಂಬ ಗದರಿಕೆಯಲ್ಲಿ.

ಐರಿಶ್ ಫಿಡ್ಲ್ ವಾದಕರು ಸಿಂಫನಿ ಆರ್ಕೆಸ್ಟ್ರಾಗಳ ಮುಂದೆ ಅತಿಥಿ ಏಕವಾದಕರಾಗಿ ನಿಲ್ಲುವುದು ಕಳೆದ ಮೂರು ದಶಕಗಳಲ್ಲಿ ರೂಢಿಯಾಗಿದೆ. (ಆರ್ಕೆಸ್ಟ್ರಾ ಎಂದೊಡನೆ ನಮಗೆ ಗಣೇಶೋತ್ಸವದ ಸಿನಿಮಾ ಹಾಡಿನ ತಂಡ ನೆನಪಾಗುತ್ತದೆ. ಇದು ಬೇರೆ. ಎಂಬತ್ತು ತೊಂಬತ್ತು ಮಂದಿ ಮುಂದೆ ಹಾಳೆ ಇಟ್ಟುಕೊಂಡು, ಒಬ್ಬ ನಿರ್ದೇಶಕನ ಕೋಲಿನ ಸನ್ನೆಗೆ ನುಡಿಸುವ ಯುರೋಪಿನ ವಾದ್ಯವೃಂದ.) ಈ ಅತಿಥಿಗಳಲ್ಲಿ ಹೆಸರಾದವರು ಐಲೀನ್ ಐವರ್ಸ್. ಮೇಯೊ ಕೌಂಟಿಯಿಂದ ವಲಸೆ ಬಂದ ಕುಟುಂಬದಲ್ಲಿ, 1965ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದವರು. ಲಿಮರಿಕ್ ಕಡೆಯ ಮಾರ್ಟಿನ್ ಮಲ್ವಿಹಿಲ್ ಅವರ ಬಳಿ ಕಲಿತು, ಐರ್ಲೆಂಡಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ಫಿಡ್ಲ್‌ಗಾಗಿಯೇ ಒಂಬತ್ತು ಸಲ ಗೆದ್ದರು. 1995ರಲ್ಲಿ 'ರಿವರ್‌ಡಾನ್ಸ್' ಸೇರಿ, ನೀಲಿ ಬಣ್ಣದ ವಿದ್ಯುತ್ ಫಿಡ್ಲ್‌ನಿಂದ ಜಗತ್ತಿಗೆ ಪರಿಚಿತರಾದರು. ಅಲ್ಲಿಂದ ಲಂಡನ್ ಸಿಂಫನಿ, ಬಾಸ್ಟನ್ ಪಾಪ್ಸ್ ಮುಂತಾದ ವೃಂದಗಳ ವೇದಿಕೆ. 1971ರಲ್ಲಿ ಪಂಡಿತ್ ರವಿಶಂಕರ್ ಸಿತಾರ್ ಹಿಡಿದು ಆಂದ್ರೆ ಪ್ರೆವಿನ್ ನಿರ್ದೇಶನದಲ್ಲಿ ನುಡಿಸಿದ್ದೂ ಇದೇ ಲಂಡನ್ ಸಿಂಫನಿಯೊಂದಿಗೆ.

ಐವರ್ಸ್ ಅವರ ಕೈಚಳಕದ ಬಗ್ಗೆ ನಮಗೆ ತಕರಾರಿಲ್ಲ. ನಮ್ಮ ಪ್ರಶ್ನೆ ಅತಿಥಿ ಎಂಬ ಪದದ್ದು. ತನ್ನದೇ ಸಂಗೀತವನ್ನು ನುಡಿಸುವಾಗ ಒಬ್ಬರು ಅತಿಥಿಯಾಗುವುದು ಹೇಗೆ?

ಇದು ತಿಳಿಯಬೇಕಾದರೆ ಆ ಸಂಗೀತದ ಒಳಗನ್ನು ಸ್ವಲ್ಪ ನೋಡಬೇಕು. ರೀಲ್ ಎಂಬ ಕುಣಿತದ ಧಾಟಿ ಬಹಳ ಚಿಕ್ಕದು. ಎಂಟೆಂಟು ಆವರ್ತದ ಎರಡು ಭಾಗ, ಒಂದೊಂದನ್ನು ಎರಡೆರಡು ಸಲ ನುಡಿಸಿದರೆ ಒಂದು ಸುತ್ತು. ಕುಣಿತದ ವೇಗದಲ್ಲಿ ಅರ್ಧ ನಿಮಿಷದ ಆಸುಪಾಸು. ಎರಡು ಮೂರು ಸುತ್ತು ತಿರುಗಿ ವಾದಕ ಇನ್ನೊಂದು ಧಾಟಿಗೆ ದಾಟುತ್ತಾನೆ. ಜೀವವೆಲ್ಲ ಇರುವುದು ಆ ಮರುಸುತ್ತಿನಲ್ಲಿ. ಮೊದಲ ಸಲ ನೇರವಾಗಿ ಬಂದ ಸ್ವರಕ್ಕೆ ಎರಡನೇ ಸಲ ಬೆರಳಿನ ಒಂದು ಸುರುಳಿ, ಮೂರನೇ ಸಲ ಕಮಾನಿನ ಮೂರು ಸಣ್ಣ ಹೊಡೆತ. ಇದು ಎಲ್ಲೂ ಬರೆದಿರುವುದಿಲ್ಲ. ಕುಣಿಯುವವರ ಕಾಲು ಕಾದಿದ್ದರೆ ಇನ್ನೊಂದು ಸುತ್ತು. ಬೇಸರವಾದರೆ ಬೇರೆ ಧಾಟಿ. ಪಕ್ಕದವನಿಗೆ ಒಂದು ಕಣ್ಸನ್ನೆ ಸಾಕು.

ತೊಂಬತ್ತು ಮಂದಿಗೆ ಕಣ್ಸನ್ನೆ ಸಾಲದು. ಯಾವ ಸುತ್ತಿಗೆ ಕೊಳಲು ಸೇರಬೇಕು, ಯಾವುದಕ್ಕೆ ತುತ್ತೂರಿ ಎಂದು ಮೊದಲೇ ಬರೆದು ಹಂಚಬೇಕು. ಹಾಳೆಯಲ್ಲಿ ಮೂರು ಸುತ್ತು ಇದ್ದರೆ ಮೂರೇ. ಏಕವಾದಕಿ ಒಂದೆರಡು ಸ್ವರವನ್ನು ತನ್ನಿಷ್ಟದಂತೆ ತಿರುಗಿಸಬಹುದು, ಆದರೆ ನಾಲ್ಕನೇ ಸುತ್ತು ಹೋಗುವಂತಿಲ್ಲ. ಹಳೆಯ ಫಿಡ್ಲ್ ವಾದಕರು ಕೆಲವು ಸ್ವರಗಳನ್ನು ಪಿಯಾನೊದ ಎರಡು ಮನೆಗಳ ನಡುವೆ ಎಲ್ಲೋ ಹಿಡಿಯುತ್ತಿದ್ದರು. ಶ್ರುತಿಯ ಸೂಕ್ಷ್ಮ ಬಲ್ಲ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಹಿಂದಿನಿಂದ ತೊಂಬತ್ತು ವಾದ್ಯಗಳ ಸ್ವರಮೇಳ ಏಳುವಾಗ ಆ ನಡುವಿನ ಸ್ವರ ಅಪಸ್ವರವೆನಿಸುತ್ತದೆ. ಆಗ ತಿದ್ದಿಕೊಳ್ಳಬೇಕಾದವರು ಅತಿಥಿಯೇ.

'ಮುಖ್ಯವಾಹಿನಿಗೆ ಬನ್ನಿ' ಎಂಬ ಕರೆಯನ್ನು ದಿನವೂ ಕೇಳುವ ನಮಗೆ ಈ ಏರ್ಪಾಡು ಅಪರಿಚಿತವೇನಲ್ಲ.

ಐರ್ಲೆಂಡಿನಲ್ಲಿ ಇದಕ್ಕೆ ಹಳೆಯ ಕತೆಯಿದೆ. 1792ರಲ್ಲಿ ಬೆಲ್‌ಫಾಸ್ಟಿನಲ್ಲಿ ಉಳಿದಿದ್ದ ಹಾರ್ಪ್ ವಾದಕರನ್ನು ಒಟ್ಟುಗೂಡಿಸಿದರು. ಹಲವರು ದೃಷ್ಟಿಹೀನರು. ತೊಂಬತ್ತು ದಾಟಿದ್ದ ಡೆನಿಸ್ ಹೆಂಪ್ಸನ್ ಲೋಹದ ತಂತಿಯನ್ನು ಉಗುರಿನಿಂದ ಮೀಟುತ್ತಿದ್ದರು. ಎಡ್ವರ್ಡ್ ಬಂಟಿಂಗ್ ಎಂಬ ಹತ್ತೊಂಬತ್ತರ ತರುಣ ಅವರ ಧಾಟಿಗಳನ್ನು ಬರೆದುಕೊಂಡು, 1796ರಿಂದ ಪಿಯಾನೊಗೆ ಒಗ್ಗಿಸಿ ಪ್ರಕಟಿಸಿದ. ಅವನಿಲ್ಲದಿದ್ದರೆ ಎಷ್ಟೋ ಧಾಟಿಗಳು ನಮಗೆ ಸಿಗುತ್ತಿರಲಿಲ್ಲ, ನಿಜ. ಆದರೆ ಪಿಯಾನೊಗೆ ಹೊಂದದ್ದನ್ನು ಅವನು ತಿದ್ದಿದ. ಉಳಿಸಿದ ಕೈಯೇ ಬದಲಿಸಿತು.

1845ರಿಂದ 1852ರ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಸಂಗೀತವೂ ಅವರೊಂದಿಗೆ ಅಮೆರಿಕಕ್ಕೆ ಹೋಯಿತು. ಸ್ವತಂತ್ರ ಐರ್ಲೆಂಡಿನಲ್ಲೂ ಅದಕ್ಕೆ ಸುಖವಿರಲಿಲ್ಲ. ಪಾದ್ರಿಗಳಿಗೆ ಮನೆಮನೆಯ ಕುಣಿತ ಕಣ್ಣಿಗೆ ಚುಚ್ಚುತ್ತಿತ್ತು. 1935ರ ಕಾಯ್ದೆ ಸಾರ್ವಜನಿಕ ನೃತ್ಯಕ್ಕೆ ಪರವಾನಗಿ ಕಡ್ಡಾಯ ಮಾಡಿದಾಗ ಹಳ್ಳಿಯ ಕೂಟಗಳೂ ಅದರ ಏಟು ತಿಂದವು. (ಧರ್ಮ ಮತ್ತು ಸಂಗೀತದ ಜಗಳ ಒಂದೇ ಸಮುದಾಯದ ಸೊತ್ತು ಎಂದುಕೊಂಡವರು ಇದನ್ನು ಗಮನಿಸಬೇಕು.)

ಈ ಹಿನ್ನೆಲೆಯಲ್ಲಿ ಸಿಂಫನಿ ಸಭಾಂಗಣದ ಬಾಗಿಲು ತೆರೆದುದು ಹಲವರಿಗೆ ಗೌರವವಾಗಿ ಕಂಡರೆ ತಪ್ಪಿಲ್ಲ. 1959ರಲ್ಲಿ 'ಮಿಶೆ ಏರಾ' ಎಂಬ ಚಿತ್ರಕ್ಕೆ ಶಾನ್ ಓ ರಿಯಾಡ ಹಳೆಯ ಹಾಡುಗಳನ್ನು ದೊಡ್ಡ ಆರ್ಕೆಸ್ಟ್ರಾಕ್ಕೆ ಹೊಂದಿಸಿದಾಗ ದೇಶಕ್ಕೆ ದೇಶವೇ ರೋಮಾಂಚನಗೊಂಡಿತು. ಆದರೆ ಅದೇ ಓ ರಿಯಾಡ ಬಳಿಕ ಮಾಡಿದ್ದೇನು? ಪೈಪು, ಫಿಡ್ಲ್, ಕೊಳಲು ನುಡಿಸುವ ಬೆರಳೆಣಿಕೆಯ ಜನರನ್ನು ಕೂಡಿಸಿ ಒಂದು ಚಿಕ್ಕ ತಂಡ ಕಟ್ಟಿದರು. 1962ರ ರೇಡಿಯೊ ಸರಣಿಯಲ್ಲಿ, ಈ ಸಂಗೀತ ಯುರೋಪಿನ ಸಂಗೀತಕ್ಕಿಂತ ಪೂರ್ವದೇಶದ ಸಂಗೀತಕ್ಕೇ ಹತ್ತಿರ ಎಂದು ವಾದಿಸಿದರು. ಆರ್ಕೆಸ್ಟ್ರಾದಿಂದ ಗೆದ್ದ ಮನುಷ್ಯ ಇಂಥ ಚಿಕ್ಕ ತಂಡದ ಕಡೆಗೂ ಹೊರಳಿದ್ದು ನಮಗೆ ಮುಖ್ಯವೆನಿಸುತ್ತದೆ.

ಹಾಗೆಂದು ಬೆರಕೆಯೇ ಬೇಡ ಎನ್ನುವ ಶುದ್ಧತೆಯ ವಾದ ನಮ್ಮದಲ್ಲ. ಪಿಟೀಲೇ ಇಟಲಿಯಿಂದ ಬಂದದ್ದು. 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಸ್ಲೈಗೊ ಕೌಂಟಿಯ ಮೈಕೆಲ್ ಕೋಲ್ಮನ್ ಧ್ವನಿಮುದ್ರಿಸಿದ ತಟ್ಟೆಗಳಲ್ಲಿ ಪಿಯಾನೊ ಎಡವುತ್ತಾ ಹಿಂದೆ ಬರುತ್ತದೆ. ಆದರೂ ಅವು ಸಾಗರ ದಾಟಿ ಐರ್ಲೆಂಡಿಗೆ ಮರಳಿ ಒಂದು ಇಡೀ ಪೀಳಿಗೆಗೆ ಪಾಠ ಹೇಳಿದವು. ಸಮಸ್ಯೆ ಜೊತೆಗೂಡುವುದರಲ್ಲಿಲ್ಲ, ಯಾರು ಯಾರ ಪಾಠ ಕಲಿಯಬೇಕು ಎನ್ನುವುದರಲ್ಲಿದೆ. ಬಹುಪಾಲು ಸಿಂಫನಿ ಕಾರ್ಯಕ್ರಮಗಳಲ್ಲಿ ವೃಂದ ಏನನ್ನೂ ಕಲಿಯುವುದಿಲ್ಲ. ಮೆತ್ತನೆಯ ಜಮಖಾನೆ ಹಾಸುತ್ತದೆ, ಕೊನೆಗೆ ಡೋಲು ಬಡಿಯುತ್ತದೆ, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ.

ಇದಕ್ಕೆ ತದ್ವಿರುದ್ಧವಾಗಿ ಸಂಯೋಜಕ ಡೇವ್ ಫ್ಲಿನ್ ಕ್ಲೇರ್ ಕೌಂಟಿಯಲ್ಲಿ ಒಂದು ಪ್ರಯೋಗ ಮಾಡಿದರು. ಅವರ ಐರಿಶ್ ಮೆಮೊರಿ ಆರ್ಕೆಸ್ಟ್ರಾದಲ್ಲಿ ಯಾರ ಮುಂದೆಯೂ ಹಾಳೆಯಿಲ್ಲ. ಶಾಸ್ತ್ರೀಯ ವಾದಕರೂ ಎಲ್ಲವನ್ನೂ ನೆನಪಿನಿಂದಲೇ ನುಡಿಸಬೇಕು. ಉಸ್ತಾದರ ಮುಂದೆ ಮಂಡಿಯೂರಿ ಕಲಿತ ನಮ್ಮ ಕಡೆಯವರಿಗೆ ಇದರ ಬೆಲೆ ಗೊತ್ತು.

ಅದೇ ಕ್ಲೇರ್‌ನ ಫೀಕಲ್ ಬಳಿಯ ಮಾರ್ಟಿನ್ ಹೇಯ್ಸ್ 1999ರಲ್ಲಿ ಗಿಟಾರ್ ವಾದಕ ಡೆನಿಸ್ ಕೇಹಿಲ್ ಜೊತೆ ಸಿಯಾಟಲ್‌ನ ಕಛೇರಿಯ ಧ್ವನಿಮುದ್ರಿಕೆ ತಂದರು. ಅದರಲ್ಲಿ ಧಾಟಿಯಿಂದ ಧಾಟಿಗೆ ಎಲ್ಲೂ ಕಡಿಯದೆ ಹರಿಯುವ ಸುಮಾರು 28 ನಿಮಿಷದ ಒಂದೇ ನುಡಿಕೆಯಿದೆ. ಬಹಳ ನಿಧಾನವಾಗಿ ಆರಂಭವಾಗಿ, ವೇಗ ಏರುತ್ತಾ ಏರುತ್ತಾ ಹೋಗುವಾಗ ಜರ್ಮನಿಯ ಪಾಕೆಲ್ಬೆಲ್‌ನ ಪ್ರಸಿದ್ಧ ಕ್ಯಾನನ್ ಆ ಸಾಲಿನೊಳಗೆ ಬಂದು ಸೇರುತ್ತದೆ. ಯುರೋಪಿನ ಶಾಸ್ತ್ರೀಯ ಕೃತಿ ಒಂದಷ್ಟು ಹೊತ್ತು ಹಳ್ಳಿಯ ಧಾಟಿಗಳ ಜೊತೆ ಕೂರುತ್ತದೆ.